ಗಂಡು ಸಾಲು

“ಕಣ್ಣು ಕುರುಡಾಗಿತ್ತೇನೇ ಹಲ್ಕಾ ಮುಂಡೆ? ಇದು ಗಂಡು ಸಾಲು ಕಣೇ, ಗಂಡು ಸಾಲು! ನಡುವಿಂದ ಹಿಡಿದು ಆ ತುದಿವರೆಗೂ ಬೋಳಿಸಿ ನಿಲ್ಲಿಸಿದೀಯಲ್ಲೇ!”

ಮೇಸ್ತ್ರಿಯ ಕೂಗು ಜೋಳದ ಹೊಲ ದಾಟಿ ರಸ್ತೆಯವರೆಗೂ ಹೋಯಿತು. ಆಚೆ ಸಾಲಿನಲ್ಲಿ ಸೂಲಂಗಿ ಕೀಳುತ್ತಿದ್ದ ಹಿರಿಯ ಹೆಂಗಸು ಉದ್ದಕ್ಕನ ಕೈ ಅಲ್ಲೇ ನಿಂತಿತು. ಬೈಗುಳ ಅವಳಿಗೇನು ಹೊಸದಲ್ಲ. ಮೇಸ್ತ್ರಿ ಬಾಯಿ ಬಿಟ್ಟರೆ ಮುತ್ತು ಉದುರುತ್ತದೆಯೇ? ಆದರೆ ಈ ಸಲ ಅದು ಬಿದ್ದದ್ದು ತನ್ನ ಸೊಸೆಯ ಮೇಲೆ ಎಂದು ತಿಳಿದ ಕೂಡಲೇ ಎಲೆಗಳನ್ನು ಸರಿಸಿಕೊಂಡು ಓಡಿದಳು.

ಅದು ಬಿತ್ತನೆ ಬೀಜಕ್ಕೆಂದು ಬೆಳೆಸಿದ ಮುಸುಕಿನ ಜೋಳದ ಹೊಲ. ನಾಲ್ಕು ಹೆಣ್ಣು ಸಾಲು, ಒಂದು ಗಂಡು ಸಾಲು, ಮತ್ತೆ ನಾಲ್ಕು ಹೆಣ್ಣು ಸಾಲು. ಹೀಗೆ ದಣಿಯ ಹೊಲ ಕಣ್ಣು ಹಾಯುವಷ್ಟು ದೂರ. ಹೆಣ್ಣು ಸಾಲಿನ ಗಿಡಗಳ ನೆತ್ತಿಯ ಮೇಲೆ ಬರುವ ಹೂಗೊಂಚಲನ್ನು, ಅಂದರೆ ಸೂಲಂಗಿಯನ್ನು, ಅರಳುವ ಮೊದಲೇ ಕಿತ್ತೆಸೆಯಬೇಕು. ಗಂಡು ಸಾಲಿನದನ್ನು ಮಾತ್ರ ಮುಟ್ಟಕೂಡದು. ಅದರ ಪುಡಿ ಗಾಳಿಗೆ ಉದುರಿ ಹೆಣ್ಣು ತೆನೆಯ ಕೂದಲ ಮೇಲೆ ಬಿದ್ದರೇನೇ ಕಾಳು. “ನೋಡ್ರೇ, ಗಿಡದಲ್ಲೂ ಬೋಳಿಸೋದು ಹೆಣ್ಣನ್ನೇ! ಗಂಡಿನ ಜುಟ್ಟು ಮುಟ್ಟಿದ್ರೆ ಮಾತ್ರ ಲೋಕ ಮುಳುಗುತ್ತೆ,” ಎಂದು ಗೊಣಗಿ ಎಂಬ ಹೆಂಗಸು ಪ್ರತಿ ವರ್ಷ ಹೇಳುತ್ತಿದ್ದಳು, ಪ್ರತಿ ವರ್ಷವೂ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಈ ವರ್ಷ ಯಾರೂ ನಗಲಿಲ್ಲ, ಬಿಸಿಗಾಳಿಗೆ ಎಲ್ಲರ ತುಟಿ ಒಡೆದು ಸೀಳಿತ್ತು.

ಸೊಸೆ ಹಸಿ ಬಾಣಂತಿ. ಮಗುವನ್ನು ಬದುವಿನ ಮೇಲೆ, ಪೊದೆಯ ನೆರಳಲ್ಲಿ ಮಲಗಿಸಿ ಕೆಲಸಕ್ಕೆ ಇಳಿದಿದ್ದಳು. ಸಾಲಿಗೆ ಇಳಿಯುವವರು ಯಾವತ್ತೂ ತಲೆಕಟ್ಟಿನಿಂದಲೇ, ಅಂದರೆ ಸಾಲು ಶುರುವಾಗುವ ತುದಿಯಿಂದಲೇ ಇಳಿಯಬೇಕು, ಅಲ್ಲಿ ಗಂಡು ಸಾಲಿಗೆ ಸುಣ್ಣ ಬಳಿದ ಗೂಟ ಇರುತ್ತದೆ. ಮಗು ಕಿರುಚಿತು ಎಂದು ಸೊಸೆ ನಡುವೆಯೇ ಅಡ್ಡ ಹಾಯ್ದು ಹೋಗಿ ಎದೆಗೆ ಹಾಕಿಕೊಂಡು, ಮೇಸ್ತ್ರಿಯ ಕಣ್ಣಿಗೆ ಬೀಳಬಾರದೆಂದು ನಡುವಿನಿಂದಲೇ ವಾಪಸು ನುಗ್ಗಿದ್ದಳು. ಒಂದು ಸಾಲು ಆಚೀಚೆ ಆಯಿತು. ಬೇರೆ ವರ್ಷವಾಗಿದ್ದರೆ ಎಲೆ ನೋಡಿಯೇ ಗುರುತು ಹಿಡಿಯುತ್ತಿದ್ದಳು. ಈಗ ಎಲ್ಲ ಎಲೆಯೂ ಬಿಸಿಲಿಗೆ ಸುರುಳಿ ಸುತ್ತಿಕೊಂಡು, ಯಾವುದು ಹೆಣ್ಣು ಯಾವುದು ಗಂಡು ಒಂದೂ ತಿಳಿಯುವಂತಿರಲಿಲ್ಲ. ಬಾಯಾರಿಕೆಗೆ ಕಣ್ಣು ಬೇರೆ ಕತ್ತಲಿಡುತ್ತಿತ್ತು.

“ಬಿಡಪ್ಪಾ ಮೇಸ್ತ್ರಿ, ಎಳೆ ಬಾಣಂತಿ. ತಲೆ ತಿರುಗಿರಬೇಕು. ಏನೋ ಒಂದು ಸಾಲು,” ಎಂದಳು ಉದ್ದಕ್ಕ.

“ಒಂದು ಸಾಲು ಅಂತೆ! ನಿನ್ನ ಮಗ ಸಂಪಾದಿಸಿ ಹಾಕಿದಾನಾ ಆ ಒಂದು ಸಾಲು? ಏಯ್, ಕಿತ್ತಿದ್ದನ್ನೆಲ್ಲ ಆರಿಸೇ. ತಲೆ ಮೇಲೆ ಹೊತ್ಕೊಂಡು ಬದುವಿನ ಮೇಲೆ ನಿಲ್ಲು. ದಣಿ ಬಂದು ನೋಡ್ಲಿ ನಿನ್ನ ಘನಂದಾರಿ ಕೆಲಸಾನ.”

ಸೊಸೆ ಆರಿಸಿದಳು. ಕಂತೆ ಕಟ್ಟಿ ತಲೆಯ ಮೇಲಿಟ್ಟುಕೊಂಡು ಬಿಸಿಲಲ್ಲಿ ನಿಂತಳು. ಕಾಲ ಬಳಿ ಮಗು ಅಳುತ್ತಿತ್ತು. ಬಗ್ಗಿ ಎತ್ತಿಕೊಳ್ಳಲು ಅವಳಿಗೆ ಅಪ್ಪಣೆ ಇರಲಿಲ್ಲ. ಉದ್ದಕ್ಕ ಹೋಗಿ ಎತ್ತಿಕೊಂಡಾಗ ಮೇಸ್ತ್ರಿ ಅವಳಿಗೂ ಒಂದು ಹೊಲಸು ಮಾತು ಸೇರಿಸಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ದಣಿಯ ಜೀಪು ಬಂತು. ದಣಿ ಇಳಿದ, ಬೋಳು ಸಾಲಿನ ಉದ್ದಕ್ಕೂ ಒಮ್ಮೆ ನಡೆದ. ಪಕ್ಕದ ಹೆಣ್ಣು ಸಾಲಿನ ಒಂದು ತೆನೆ ಮುರಿದು ಸಿಪ್ಪೆ ಸುಲಿದು ನೋಡಿದ. ಮತ್ತೆ ಬಹಳ ದೂರ ಹೋಗಿ, ಸೂಲಂಗಿ ಸರಿಯಾಗೇ ಉಳಿದಿದ್ದ ಸಾಲಿನ ಪಕ್ಕ ಇನ್ನೊಂದು ತೆನೆ ಸುಲಿದ. ಎರಡರಲ್ಲೂ ಬರಿಯ ದಿಂಡು, ಕಾಳು ಕಟ್ಟುವ ಸುಳಿವೇ ಇಲ್ಲ. ಕೂದಲು ಹೊರಗೆ ಬರುವ ಮೊದಲೇ ಒಳಗೇ ಕರಕಲಾಗಿತ್ತು. ದಣಿ ಎರಡನ್ನೂ ದೂರ ಎಸೆದು ಕೈ ಒರೆಸಿಕೊಂಡ.

“ಇಳಿಸಮ್ಮ ಹೊರೆ,” ಎಂದ ಸೊಸೆಗೆ, ತಣ್ಣಗೆ. “ಮೇಸ್ತ್ರಿ, ಇವತ್ತು ಇವರ ಮನೆಗೆ ಎರಡು ಕೊಡ ನೀರು ಕೊಡು. ಉದ್ದಕ್ಕಾ, ಕೆಲಸ ಬಿಟ್ಮೇಲೆ ಮನೆ ಕಡೆ ಬಾ.”

ದಣಿ ಬೈದಿದ್ದರೆ ಉದ್ದಕ್ಕ ನೆಮ್ಮದಿಯಾಗಿ ಇರುತ್ತಿದ್ದಳು. ಈಗ ಅವಳಿಗೆ ನಿಜಕ್ಕೂ ಭಯವಾಯಿತು.

ಮಳೆ ಹಿಡಿದದ್ದು, ಬಿಟ್ಟದ್ದು ಯಾವುದೂ ಹಳೆಯ ಮಾತಲ್ಲ. ಮೊನ್ನೆ ಮೊನ್ನೆ ಇದೇ ಹೊಲದಲ್ಲಿ ಕಾಲಿಟ್ಟರೆ ಮೀನಖಂಡದವರೆಗೂ ಹೂತು ಹೋಗುತ್ತಿತ್ತು. ಜೋಳ ಕಪ್ಪು ಹಸಿರಾಗಿ ಆಳೆತ್ತರ ಎದ್ದಿತ್ತು. ದಣಿ ಈ ಸಲದ ಬೆಳೆಗೆ ಹೊಸ ಜೀಪು ತೆಗೆಯುವ ಮಾತಾಡುತ್ತಿದ್ದ. ಆಮೇಲೆ ಆ ಗಾಳಿ ಎದ್ದಿತು. ಒಲೆಯ ಬಾಯಿಂದ ಬಂದಂಥ ಗಾಳಿ, ಹಗಲೂ ರಾತ್ರಿ ಒಂದೇ ಸಮ. ಮೊದಲು ನೆಲದ ಮೇಲಿನ ಪಸೆ ಹೋಯಿತು, ಆಮೇಲೆ ಒಳಗಿನದು ಹೋಯಿತು, ಆಮೇಲೆ ಬಿರುಕು ಬಿಟ್ಟಿತು. ದೂರದಿಂದ ನೋಡಿದರೆ ಜೋಳ ಇನ್ನೂ ಹಸಿರೇ! ಒಳಗೆ ಮಾತ್ರ ಸತ್ತಿತ್ತು. ಇಷ್ಟು ಬೇಗ ಒಂದು ಬೆಳೆ ಸಾಯುವುದನ್ನು ಆ ಸಾಲುಮನೆಗಳಲ್ಲಿ ಕೂದಲು ಹಣ್ಣಾದವರೂ ಕಂಡಿರಲಿಲ್ಲ.

ಸಾಲುಮನೆಗಳೆಂದರೆ ಹೊಲದ ಅಂಚಿಗೆ ತಗಡು ಹೊದಿಸಿ ಕಟ್ಟಿದ ಕೋಣೆಗಳು. ಕೋಣೆ ದಣಿಯದು, ತಗಡು ದಣಿಯದು, ಕೆಲಸ ಬಿಟ್ಟರೆ ಕೋಣೆಯೂ ಬಿಡಬೇಕು. ಅಲ್ಲಿದ್ದ ಒಂದೇ ಕೈಪಂಪು ಗಾಳಿ ಎದ್ದ ಮೇಲೆ ಬರೀ ಕೀರಲು ಸದ್ದು ಮಾಡಿ ಸುಮ್ಮನಾಯಿತು. ಸುಮ್ಮನಾಗದೆ ಏನು ಮಾಡೀತು? ದಣಿಯ ಮೋಟಾರುಗಳು ಎಡೆಬಿಡದೆ ನೆಲದ ನೀರನ್ನು ಹೀರಿ ತಂತಿಬೇಲಿಯ ಒಳಗಿನ ದೊಡ್ಡ ಹೊಂಡಕ್ಕೆ ತುಂಬಿಸುತ್ತಿದ್ದವು. ಸಾಯುವ ಬೆಳೆಗೆ ಸುರಿದು ಏನು ಬಂತು, ಮುಂದಿನ ಬಿತ್ತನೆಗೆ ಅದು ಬೇಕು ಎಂಬುದು ದಣಿಯ ಮಾತು. ಸಂಜೆ ಮೇಸ್ತ್ರಿಯ ಮರ್ಜಿ ಚೆನ್ನಾಗಿದ್ದರೆ ಟ್ಯಾಂಕರಿನಿಂದ ಮನೆಗೊಂದು ಕೊಡ ನೀರು. ಕುಡಿಯುವುದಕ್ಕೂ ಅದೇ, ತೊಳೆಯುವುದಕ್ಕೂ ಅದೇ. ಹೊಂಡದ ಕಡೆ ಸುಳಿದವರ ಕಾಲು ಮುರಿಯುತ್ತೇನೆ ಎಂದು ಮೇಸ್ತ್ರಿ ಸಾರಿದ್ದ, ಒಬ್ಬನ ಕಾಲು ಮುರಿದೂ ಇದ್ದ.

ಸಂಜೆ ಉದ್ದಕ್ಕ ಹೋದಾಗ ದಣಿ ಜಗಲಿಯ ಮೇಲೆ ಕುರ್ಚಿ ಹಾಕಿ ಕೂತಿದ್ದ. ಅಂಗಳದಲ್ಲಿ ಜೀಪು ತೊಳೆಯುತ್ತಿದ್ದವನು ಅವಳ ಮಗನೇ. ದಣಿಯ ಟ್ಯಾಂಕರ್ ಓಡಿಸುವವನೂ ಅವನೇ. ಪೈಪಿನಿಂದ ನೀರು ಭರ್ರೆಂದು ಜೀಪಿನ ಮೇಲೆ ಬಿದ್ದು, ಕಲ್ಲುಹಾಸಿನ ಮೇಲೆ ಹರಿದು, ಚರಂಡಿಗೆ ಹೋಗುತ್ತಿತ್ತು. ಅಮ್ಮನನ್ನು ಕಂಡು ಅವನು ಮುಖ ಆ ಕಡೆ ತಿರುಗಿಸಿದ. ಉದ್ದಕ್ಕನಿಗೆ ದಣಿಯ ಮುಖ ನೋಡಲಾಗಲಿಲ್ಲ, ಆ ನೀರನ್ನೇ ನೋಡುತ್ತಾ ಮೆಟ್ಟಿಲ ಕೆಳಗೆ ನಿಂತಳು.

“ಬಾರಮ್ಮಾ. ಮೊಮ್ಮಗು ಹೇಗಿದೆ?”

“ಇದೆ ದಣಿ.”

“ನಾಳೆ ಬೆಳಗ್ಗೆ ಸರ್ಕಾರದ ಕಡೆಯಿಂದ ಸಾಹೇಬ್ರು ಬರ್ತಾರೆ. ಬೆಳೆ ನೋಡೋಕೆ. ನಿನ್ನನ್ನ ಏನಾಯ್ತು ಅಂತ ಕೇಳ್ತಾರೆ. ಹೆಂಗಸರ ಗುಂಪಿಗೆ ನೀನೇ ಹಿರಿಯಳು, ನಿನ್ನ ಮಾತು ನಂಬ್ತಾರೆ. ನೀನು ಹೇಳ್ಬೇಕಾದ್ದು ಇಷ್ಟೇ. ‘ನಾವೇ ಗೊತ್ತಿಲ್ದೆ ಗಂಡು ಸಾಲೆಲ್ಲ ಕಿತ್ತು ಹಾಕಿದ್ವಿ, ಅದಕ್ಕೇ ಕಾಳು ಕಟ್ಲಿಲ್ಲ.’”

“ಎಲ್ಲ ಸಾಲೂನಾ ದಣಿ? ಅವಳು ಕಿತ್ತಿದ್ದು ಒಂದೇ…”

“ಒಂದು ಕಿತ್ತೋರು ಹತ್ತು ಕೀಳಲ್ವಾ? ಯಾರು ಎಣಿಸ್ತಾರೆ?”

“ಜೋಳ ಒಣಗಿ ಹೋಗಿದ್ದು ಗಾಳಿಗೆ ಅಲ್ವಾ ದಣಿ. ನಿಮಗೂ ಗೊತ್ತು.”

ದಣಿ ನಕ್ಕ. “ನನಗೆ ಏನೇನು ಗೊತ್ತು ಅನ್ನೋದು ನಿನಗೆ ಬೇಡ. ನಿನ್ನ ಕೋಣೆ ಇರುತ್ತೆ. ಇವನ ಕೆಲಸ ಇರುತ್ತೆ. ದಿನಾ ಎರಡು ಕೊಡ. ಇಲ್ಲ ಅಂದ್ರೆ…” ಅಂಗಳದ ಕಡೆ ಕತ್ತೆತ್ತಿ, “ಲೋ, ಚಕ್ರದ ಕೆಳಗೆ ಬಿಡೋ ನೀರು. ಮಣ್ಣು ಹಾಗೇ ಇದೆ,” ಎಂದ.

ಮಗ ಚಕ್ರದ ಕೆಳಗೆ ನೀರು ಬಿಟ್ಟ.

ದಣಿಗೆ ಈ ಸುಳ್ಳು ಯಾಕೆ ಬೇಕಾಗಿತ್ತು ಎನ್ನುವುದನ್ನು ಆಮೇಲೆ ಕೋಣೆಯಲ್ಲಿ ಮಗನೇ ಬಿಡಿಸಿ ಹೇಳಿದ. ತಾನು ಜೀಪು ತೊಳೆಯುವಾಗ ದಣಿ ಫೋನಿನಲ್ಲಿ ಆಡಿದ್ದೆಲ್ಲ ಅವನ ಕಿವಿಗೆ ಬಿದ್ದಿತ್ತು. ಸಾಹೇಬರು ಬೆಳೆ ನೋಡಿ ‘ಇದು ಬರ’ ಎಂದು ಒಂದು ಮಾತು ಹೇಳಿಬಿಟ್ಟರೆ, ಸರ್ಕಾರದ ಕಾನೂನಿನಂತೆ ಯಾರ ಬಾವಿ ಆಗಲಿ, ಯಾರ ಹೊಂಡ ಆಗಲಿ, ಊರಿನ ಕುಡಿಯುವ ನೀರಿಗೆ ಬಿಟ್ಟುಕೊಡಬೇಕು. ಬೆಳೆ ಹಾಳಾದದ್ದು ಕೂಲಿಯವರ ಕೈಯಿಂದ ಎಂದಾದರೆ ಬರವೂ ಇಲ್ಲ, ಹೊಂಡವೂ ತೆರೆಯಬೇಕಿಲ್ಲ.

“ಅಂದ್ರೆ ನಾನು ಬಾಯಿ ಮುಚ್ಕೊಂಡು ಒಪ್ಕೊಂಡ್ರೆ ಇಡೀ ಸಾಲುಮನೆಗೆ ನೀರಿಲ್ಲ,” ಎಂದಳು ಉದ್ದಕ್ಕ.

“ಒಪ್ಕೊಳ್ದೆ ಇದ್ರೆ ನಮಗೆ ಮನೆಯೇ ಇಲ್ಲ! ಊರಿನ ಉಸಾಬರಿ ನಿನಗ್ಯಾಕಮ್ಮಾ? ಎರಡು ಕೊಡ ಕೊಡ್ತೀನಿ ಅಂತಿದಾರೆ. ಒಂದು ಮಾತು ಆಡಿದ್ರೆ ನಿನ್ನ ಗಂಟೇನು ಹೋಗುತ್ತೆ?”

“ಜೀಪು ಚೆನ್ನಾಗಿ ತೊಳೆದ್ಯಪ್ಪಾ. ಫಳಫಳ ಹೊಳೀತಿತ್ತು.”

ಮಗ ತಲೆ ತಗ್ಗಿಸಿದ. ಅವನ ಅಂಗಿ ಇನ್ನೂ ಒದ್ದೆಯಾಗಿತ್ತು. ದಣಿ ಹೊಲದಲ್ಲಿ ಹೇಳಿದ್ದ ಎರಡು ಕೊಡ ನೀರನ್ನು ಮೇಸ್ತ್ರಿ ‘ನಾಳೆ ಮಾತಾಡಿದ ಮೇಲೆ’ ಎಂದು ತಡೆಹಿಡಿದಿದ್ದ. ಮೂಲೆಯಲ್ಲಿ ಕೂತಿದ್ದ ಸೊಸೆ ಎದ್ದು ಬಂದಳು, ಗಂಡನ ಅಂಗಿಯ ತುದಿ ಹಿಡಿದು ಹಿಂಡಿದಳು, ಅಂಗೈಗೆ ಬಿದ್ದ ತೇವವನ್ನು ಮಗುವಿನ ತುಟಿಗೆ ಸವರಿದಳು. ಮಗು ಬಾಯಿ ಚಪ್ಪರಿಸಿತು.

“ಎದೇಲಿ ಒಂದು ಹನಿ ಇಲ್ಲ ಅತ್ತೆ,” ಎಂದಳು ಸೊಸೆ. “ನಿನ್ನೆಯಿಂದ ಇಲ್ಲ. ಹೇಳಿದ್ರೆ ನೀವು ನಿಮ್ಮ ಪಾಲಿನ ನೀರೂ ನನಗೇ ಕುಡಿಸ್ತೀರಿ ಅಂತ ಸುಮ್ನಿದ್ದೆ. ತಪ್ಪು ಮಾಡಿದ್ದು ನಾನು. ನಾಳೆ ನಾನೇ ಹೇಳ್ತೀನಿ ಬಿಡಿ, ಎಲ್ಲ ನಾನೇ ಕಿತ್ತೆ ಅಂತ.”

“ಏನು ಕಿತ್ತೆ ನೀನು? ಸತ್ತು ಹೋಗಿದ್ದ ಗಿಡದ ಜುಟ್ಟು ಕಿತ್ತೆ. ಬಾಯಿ ಮುಚ್ಚು.”

ಗೋಡೆಯಾಚೆಯಿಂದ ಗೊಣಗಿಯ ದನಿ ಬಂತು. ತಗಡಿನ ಗೋಡೆಗೆ ಕಿವಿ ಇರುವುದಿರಲಿ, ಬಾಯಿಯೂ ಇರುತ್ತದೆ. “ಉದ್ದಕ್ಕಾ, ಏನಾದ್ರೂ ಹೇಳ್ಕೋ ನಿನ್ನಿಷ್ಟ. ನಮ್ಮ ಮುದುಕ ಮಧ್ಯಾಹ್ನದಿಂದ ಒಂದಕ್ಕೂ ಹೋಗಿಲ್ಲ. ಮೈಯಲ್ಲಿ ನೀರಿದ್ರೆ ತಾನೇ ಹೋಗೋದು? ಅಷ್ಟು ನೆನಪಿಟ್ಕೋ, ಸಾಕು.”

ಉದ್ದಕ್ಕನಿಗೆ ಸಿಟ್ಟು ನೆತ್ತಿಗೇರಿತು. ದಣಿಯ ಮೇಲೆ, ಮಗನ ಮೇಲೆ, ಗೊಣಗಿಯ ಮೇಲೆ, ಎಲ್ಲರ ಮೇಲೆ. ಎಲ್ಲರೂ ಸೇರಿ ತನ್ನೊಬ್ಬಳ ಬಾಯಿಗೆ ಬೀಗದ ಕೈ ತುರುಕಿದ್ದಾರೆ, ಯಾವ ಕಡೆ ತಿರುಗಿಸಿದರೂ ಯಾರೋ ಒಬ್ಬರು ಸಾಯುತ್ತಾರೆ ಎನಿಸಿತು. ಅಳು ಬಂತು, ಕಣ್ಣಲ್ಲಿ ಮಾತ್ರ ನೀರು ಬರಲಿಲ್ಲ.

ಬೆಳಗಾಯಿತು. ಗಾಳಿ ನಿಂತಿರಲಿಲ್ಲ. ಹೆಂಗಸರನ್ನೆಲ್ಲ ಮೇಸ್ತ್ರಿ ಹೊಲದ ತಲೆಕಟ್ಟಿನಲ್ಲಿ ಸಾಲಾಗಿ ನಿಲ್ಲಿಸಿದ. ಸಾಹೇಬರು ಜೀಪಿನಿಂದ ಇಳಿಯಲಿಲ್ಲ; ಬಿಸಿಲು. ಬಾಗಿಲು ಅರ್ಧ ತೆರೆದು ಕಾಲು ಮಾತ್ರ ಹೊರಗಿಟ್ಟಿದ್ದರು.

“ಹಸಿರಾಗೇ ಇದೆಯಲ್ರೀ ಬೆಳೆ!” ಎಂದರು.

“ಅದೇ ನಾನೂ ಹೇಳ್ತಿರೋದು ಸಾರ್,” ಎಂದ ದಣಿ. “ಬರಗಿರ ಏನಿಲ್ಲ. ಲೇಬರ್ ಕೆಲಸ ಕೆಡಿಸಿದ್ರು ಅಷ್ಟೇ.”

“ಬರ ಎಲ್ಲಿಂದ ಬರುತ್ತೆ? ಈ ತಿಂಗಳ ಶುರುವಿನಲ್ಲಿ ನನ್ನ ಜೀಪು ಇಲ್ಲೇ ಕೆಸರಲ್ಲಿ ಸಿಕ್ಕಿಹಾಕ್ಕೊಂಡಿತ್ತು. ಬರ ಅನ್ನೋದಕ್ಕೆ ಒಂದು ಲೆಕ್ಕ ಇದೆ. ಇಡೀ ಹಂಗಾಮಿನ ಮಳೆ ನೋಡ್ಬೇಕು. ಗಾಳಿ ಬೀಸಿದ ತಕ್ಷಣ ಬರ ಅಂದ್ರೆ ಆಗುತ್ತಾ?” ಸಾಹೇಬರು ನೀರಿನ ಬಾಟಲಿ ತೆಗೆದು ಗಟಗಟ ಕುಡಿದರು. ಸಾಲಾಗಿ ನಿಂತಿದ್ದ ಹೆಂಗಸರ ಗಂಟಲುಗಳೆಲ್ಲ ಅವರ ಜೊತೆಗೇ ಒಮ್ಮೆ ಮೇಲೆ ಕೆಳಗೆ ಆಡಿದವು. “ಯಾರು ಆ ಹೆಂಗಸು? ಕರೀರಿ.”

ಉದ್ದಕ್ಕ ಮುಂದೆ ಬಂದಳು. ರಾತ್ರಿಯೆಲ್ಲ ಯೋಚಿಸಿ ಅವಳು ಒಪ್ಪಿಕೊಳ್ಳುವುದೆಂದೇ ತೀರ್ಮಾನಿಸಿದ್ದಳು. ಮಗು ಉಳಿಯಲಿ, ಮಿಕ್ಕವರ ಪಾಪ ತನಗೆ ಬರಲಿ. ‘ನಾವೇ ಕಿತ್ತಿದ್ದು’ ಅಂದರೆ ಮುಗಿಯಿತು. ಬಾಯಿ ತೆರೆದಳು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು, ಮೇಲೇಳಲಿಲ್ಲ.

“ಮಾತಾಡೇ!” ಎಂದು ಮೇಸ್ತ್ರಿ ಹಿಂದಿನಿಂದ ತಿವಿದ.

ಉದ್ದಕ್ಕ ಹಿಂದೆ ತಿರುಗಿ ನೋಡಿದಳು. ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಮಗು ಅಳುತ್ತಿರಲಿಲ್ಲ, ನಿನ್ನೆಯಷ್ಟೇ ಊರು ಕೇಳುವಂತೆ ಕಿರುಚಿದ ಕೂಸು ಈಗ ಬಾಯಿ ತೆರೆದುಕೊಂಡು ಸುಮ್ಮನೆ ಬಿದ್ದಿತ್ತು. ಈ ಸುಳ್ಳು ಹೇಳಿದರೆ ಸಿಗುವುದು ಸಂಜೆಯ ಎರಡು ಕೊಡ. ಸಂಜೆ ಎಂದರೆ ಎಷ್ಟು ದೂರ! ಉದ್ದಕ್ಕನ ತಲೆಯೊಳಗೆ ಏನೋ ಕಟಕ್ಕೆಂದಿತು.

“ಬಾಯಿ ಒಣಗಿದೆ ಸಾಹೇಬ್ರೆ,” ಎಂದಳು, ತೊದಲುತ್ತಾ. “ಒಂದು ಗುಟುಕು ನೀರು ಕುಡ್ದು ಹೇಳ್ತೀನಿ.”

“ಅಯ್ಯೋ ಪಾಪ, ಕೊಡ್ರೀ ನೀರು,” ಎಂದರು ಸಾಹೇಬರು, ಕೈಯಲ್ಲಿದ್ದ ಬಾಟಲಿಯ ಮುಚ್ಚಳ ತಿರುಗಿಸುತ್ತಾ.

ದಣಿಗೆ ಸಾಹೇಬರ ಎದುರು ಇಲ್ಲ ಅನ್ನಲಾಗಲಿಲ್ಲ. “ಮೇಸ್ತ್ರಿ, ಹೊಂಡದಿಂದ ಒಂದು ಚೊಂಬು ಕೊಡೋ ಇವಳಿಗೆ,” ಎಂದ, ನಗುಮುಖದಿಂದ.

ಮೇಸ್ತ್ರಿ ಪಕ್ಕದಲ್ಲೇ ಇದ್ದ ಹೊಂಡದ ಬೇಲಿಯ ಗೇಟಿನ ಬೀಗ ತೆಗೆದ. ಉದ್ದಕ್ಕ ಅವನ ಹಿಂದೆ ಹೋಗುತ್ತಾ ಗೊಣಗಿಯ ಕಂಕುಳಲ್ಲಿದ್ದ ಖಾಲಿ ಕೊಡವನ್ನು ಕಸಿದುಕೊಂಡಳು. ಮೇಸ್ತ್ರಿ ಚೊಂಬು ಹುಡುಕುತ್ತಾ ಬಗ್ಗಿದ್ದ. ಅವಳು ಅವನನ್ನು ದಾಟಿ ಮಣ್ಣಿನ ಏರಿಯನ್ನು ಹತ್ತಿದಳು, ಹಿಂದೆಮುಂದೆ ನೋಡದೆ ಹೊಂಡಕ್ಕೆ ಇಳಿದೇಬಿಟ್ಟಳು.

ಹೊಂಡದ ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಹಾಸಿತ್ತು. ಪಾಚಿ ಹಿಡಿದ ಪ್ಲಾಸ್ಟಿಕ್ಕಿನ ಮೇಲೆ ಕಾಲು ನಿಲ್ಲುವುದುಂಟೇ? ಸರ್ರನೆ ಜಾರಿದಳು, ಒಮ್ಮೆ ಪೂರ್ತಿ ಮುಳುಗಿದಳು, ಕೆಮ್ಮುತ್ತಾ ಎದ್ದಳು. ನೀರು ಕುತ್ತಿಗೆಗಿತ್ತು. ಮೊದಲು ಹೊಟ್ಟೆ ತುಂಬ ಕುಡಿದಳು. ಆಮೇಲೆ ಕೊಡ ಮುಳುಗಿಸಿದಳು.

“ಬನ್ರೇ ಇಲ್ಲಿ! ತಲೆಬಟ್ಟೆಗಳನ್ನ ಗಂಟು ಹಾಕಿ ಕೆಳಗೆ ಬಿಡ್ರೇ!” ಎಂದು ಕೂಗಿದಳು. ಆ ದನಿ ಅವಳಿಗೇ ಹೊಸದಾಗಿತ್ತು.

ಹೆಂಗಸರು ಅರೆಗಳಿಗೆ ಅನುಮಾನಿಸಿದರು. ಆಮೇಲೆ ಗೊಣಗಿ ಓಡಿದಳು, ಅವಳ ಹಿಂದೆ ಎಲ್ಲರೂ ಓಡಿದರು. ಅಡ್ಡ ಬಂದ ಮೇಸ್ತ್ರಿಯನ್ನು ಯಾರು ತಳ್ಳಿದರೋ ಗೊತ್ತಾಗಲಿಲ್ಲ; ಬೇಲಿಯ ತಂತಿಗೆ ಅಂಗಿ ಸಿಕ್ಕಿಸಿಕೊಂಡು ಅಲ್ಲೇ ಒದ್ದಾಡುತ್ತಿದ್ದ. ತಲೆಬಟ್ಟೆಗಳ ಗಂಟು ಕೆಳಗೆ ಬಂತು. ಮೊದಲ ಕೊಡ ಮೇಲೆ ಹೋಯಿತು. ಸೊಸೆ ಅಲ್ಲೇ ಕುಕ್ಕರಿಸಿ ಕೂತು ಬೊಗಸೆಯಲ್ಲಿ ಮಗುವಿನ ಬಾಯಿಗೆ ಹನಿ ಬಿಟ್ಟಳು, ಆಮೇಲೆ ತಾನೂ ಕುಡಿದಳು. ಕುಡಿಯುತ್ತಾ ಅಳುತ್ತಿದ್ದಳು.

“ಹೊಲಸು ಮಾಡಿದ್ರಲ್ಲೇ ನನ್ನ ನೀರನ್ನ! ಹತ್ತೇ ಮೇಲೆ, ಸೂಳೆ!” ದಣಿಯ ನಗುಮುಖ ಈಗ ಎಲ್ಲೂ ಇರಲಿಲ್ಲ.

“ಹತ್ತೋಕೆ ಬರಲ್ಲ ದಣಿ. ನೀವೇ ಅಲ್ವಾ ಪ್ಲಾಸ್ಟಿಕ್ ಹಾಕಿಸಿದ್ದು?”

ಅದು ನಿಜವಾಗಿತ್ತು. ಹೋದ ವರ್ಷ ಬಿದ್ದ ಒಂದು ಕರು ಹತ್ತಲಾಗದೆ ಅಲ್ಲೇ ಸತ್ತಿತ್ತು. ತಲೆಬಟ್ಟೆಗಳ ಗಂಟು ಒಂದು ಕೊಡವನ್ನು ಎತ್ತುತ್ತದೆ, ಒಬ್ಬ ಹೆಂಗಸನ್ನು ಎತ್ತುವುದಿಲ್ಲ. ಎತ್ತುವಂಥ ಹಗ್ಗ ಇದ್ದದ್ದು ಗೇಟಿನ ಬಳಿ ನಿಂತಿದ್ದ ಟ್ಯಾಂಕರಿನಲ್ಲಿ ಮಾತ್ರ. ಮಗ ಅದನ್ನು ಬಿಚ್ಚಿಕೊಂಡು ಓಡಿ ಬರುತ್ತಿದ್ದ.

“ನಿಲ್ಲೋ!” ಎಂದ ದಣಿ. ಹಗ್ಗದ ಸುರುಳಿ ನೆಲಕ್ಕೆ ಬಿತ್ತು, ದಣಿ ಅದರ ಮೇಲೆ ಬೂಟುಗಾಲಿಟ್ಟ. “ಮೊದಲು ಹೇಳ್ಲಿ. ಸಾಹೇಬ್ರ ಎದುರಿಗೆ ಹೇಳ್ಲಿ. ಆಮೇಲೆ ಹಗ್ಗ.”

ಸಾಹೇಬರು ಕೊನೆಗೂ ಜೀಪಿನಿಂದ ಇಳಿದು ಏರಿಯ ಮೇಲೆ ಬಂದಿದ್ದರು. ಬಿಸಿಲಿಗೆ ಕೈ ಅಡ್ಡ ಹಿಡಿದು ಹೊಂಡವನ್ನು ಈ ದಡದಿಂದ ಆ ದಡದವರೆಗೂ ನೋಡಿದರು.

“ಇಷ್ಟೊಂದು ನೀರಿದೆ!” ಎಂದರು. “ಇಷ್ಟು ನೀರಿರೋ ಜಾಗಾನ ನಾನು ಬರ ಅಂತ ಹೇಗ್ರೀ ಹೇಳ್ಲಿ?”

ಗೊಣಗಿ ಒಂದು ಸಲ ಜೋರಾಗಿ ನಕ್ಕಳು, ನಗು ಕೆಮ್ಮಾಯಿತು.

“ಹೇಳೇ,” ಎಂದ ದಣಿ. “ನಾವೇ ಕಿತ್ತಿದ್ದು ಅನ್ನು. ಒಂದೇ ಮಾತು.”

“ಅಮ್ಮಾ…” ಎಂದ ಮಗ. ಅವನು ಹಗ್ಗದ ಒಂದು ತುದಿ ಹಿಡಿದುಕೊಂಡೇ ಇದ್ದ, ಇನ್ನೊಂದು ತುದಿ ದಣಿಯ ಬೂಟಿನ ಕೆಳಗಿತ್ತು. “ಅಮ್ಮಾ, ಹೇಳ್ಬಿಡಮ್ಮಾ.”

ಉದ್ದಕ್ಕನ ಕಾಲು ಪಾಚಿಯ ಮೇಲೆ ಮತ್ತೆ ಜಾರಿತು. ಗದ್ದ ಮುಳುಗಿ, ಎದ್ದಿತು. ಬಾಯಿಗೆ ಬಂದ ನೀರನ್ನು ಅವಳು ಉಗುಳಲಿಲ್ಲ, ನುಂಗಿದಳು. ದಣಿಯನ್ನು ನೋಡಿದಳು, ಮಗನನ್ನು ನೋಡಿದಳು, ಆಮೇಲೆ ಏರಿಯ ಮೇಲೆ ಸಾಲುಗಟ್ಟಿ ನಿಂತಿದ್ದ ಹೆಂಗಸರ ಕಡೆ ಎರಡೂ ಕೈ ಚಾಚಿದಳು.

“ಇನ್ನೊಂದು ಕೊಡ ಬಿಡ್ರೇ,” ಎಂದಳು.